ಅಜ್ಜಿ ಸದ್ದು

ಜನವರಿ 8

ಅಪ್ಪಾ,

ನಿನಗೆ ಕಾಗದ ಬರೆದು ನಾಲ್ಕು ವರ್ಷವಾಯಿತು. ಕ್ಷೇಮಸಮಾಚಾರದಿಂದ ಶುರು ಮಾಡಿದರೆ ನೀನು ಮೊದಲ ಸಾಲಿಗೇ ಮಡಚಿ ಇಡುತ್ತೀಯ, ಅದಕ್ಕೇ ನೇರವಾಗಿ ವಿಷಯಕ್ಕೆ ಬರುತ್ತೇನೆ. ಒಂದು ಹಳೆಯ ಬೈಕು ಕೊಂಡಿದ್ದೇನೆ. ಚೈನ್ ಗಾಡಿಯಲ್ಲ, ಶಾಫ್ಟ್ ಗಾಡಿ. ಕೊಟ್ಟವರು ನಮ್ಮ ಆಸ್ಪತ್ರೆಯ ಹಲ್ಲಿನ ಡಾಕ್ಟರು. "ಚೈನಿನ ತಂಟೆಯೇ ಇಲ್ಲ, ಹತ್ತು ವರ್ಷ ಮುಟ್ಟೋದೇ ಬೇಡ" ಅಂದರು. ಹತ್ತು ವರ್ಷ ಅವರೂ ಮುಟ್ಟಿರಲಿಲ್ಲ ಅನ್ನುವುದು ಆಮೇಲೆ ತಿಳಿಯಿತು.

ಈಗ ಹಿಂದುಗಡೆಯಿಂದ ಒಂದು ಸದ್ದು ಬರುತ್ತಿದೆ. ಮೊದಲ ವಾರ ಇರಲಿಲ್ಲ, ಅಥವಾ ಖುಷಿಯಲ್ಲಿ ನನಗೆ ಕೇಳಿಸಲಿಲ್ಲ. ಇಲ್ಲಿನ ಮೆಕ್ಯಾನಿಕ್ ಹತ್ತಿರ ಒಯ್ದರೆ, "ನಂಗೆ ಚೈನ್ ಆದ್ರೆ ಗೊತ್ತು ಮೇಡಂ, ಇದು ಕಾರಿಗೆ ಹುಟ್ಟಿದ ಬೈಕು" ಅಂತ ಕೈ ಒರೆಸಿಕೊಂಡು ಎದ್ದುಹೋದ.

ಆಸ್ಪತ್ರೆಯ ಯಂತ್ರಗಳನ್ನು ರಿಪೇರಿ ಮಾಡುವ ನನ್ನ ಕೆಲಸದ ಬಗ್ಗೆ ಅತ್ತೆ ಹೇಳಿರಬೇಕು. ಈ ವರ್ಷ ಬೆಟ್ಟದ ನೆತ್ತಿಯ ಮೇಲೊಂದು, ಆಚೆ ಎರಡು, ಹೀಗೆ ಮೂರು ಚಿಕ್ಕ ಆಸ್ಪತ್ರೆಗಳೂ ನನ್ನ ಪಾಲಿಗೆ ಬಂದಿವೆ. ಅಲ್ಲಿಗೆ ಬಸ್ಸಿಲ್ಲ. ಫೆಬ್ರವರಿ ಆರಕ್ಕೆ ಮೊದಲ ಸಲ ಹೋಗಬೇಕು. ಬೆಟ್ಟದ ನೆತ್ತಿಯಿಂದ ಆಚೆ ಹನ್ನೊಂದು ಮೈಲಿ ಇಳಿಜಾರು. ರಸ್ತೆಯ ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ. ಅಲ್ಲಿ ಹಿಂದಿನ ಚಕ್ರ ಜಾಮ್ ಆದರೆ ಏನಾಗುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎರಡು ವಾರದಿಂದ ಸರಿಯಾಗಿ ನಿದ್ದೆ ಇಲ್ಲ.

ಅಂಗಡಿಗೆ ಫೋನ್ ಮಾಡಿ ಕರೆಸಿದರೆ ನೀನು "ಲೈನ್ ಸರಿ ಇಲ್ಲ" ಅಂತ ಅತ್ತೆಯ ಕೈಗೆ ಕೊಡುತ್ತೀಯ. ಅದಕ್ಕೇ ಈ ಕಾಗದ. ಬೇಕಾದರೆ ಸದ್ದನ್ನು ಕ್ಯಾಸೆಟ್ಟಿನಲ್ಲಿ ಹಿಡಿದು ಕಳಿಸುತ್ತೇನೆ.

ನಿನ್ನ
ನಟ್ಟು


ಜನವರಿ 15

ನಟ್ಟು,

ಗಾಡಿ ಕೊಳ್ಳುವ ಮುಂಚೆ ಕೇಳಬೇಕಿತ್ತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಹಲ್ಲಿನ ಡಾಕ್ಟರ ಮಾತು ಕೇಳಿ ಗಾಡಿ ಕೊಂಡವಳು ಇನ್ನು ಹಲ್ಲುನೋವಿಗೆ ನನ್ನ ಹತ್ತಿರ ಬಾ.

ಕ್ಯಾಸೆಟ್ಟು ಬೇಡ. ಟೇಪಿನಲ್ಲಿ ಎಲ್ಲ ಸದ್ದೂ ಒಂದೇ ಥರ ಆಗಿಬಿಡುತ್ತದೆ. ಬಾಯಲ್ಲಿ ಹೇಳು, ಅಂದರೆ ಬರೆದು ಹೇಳು.

ಶಾಫ್ಟ್ ಗಾಡಿ ಅಂದರೆ ಹೀಗೆ. ಇಂಜಿನ್ನಿನಿಂದ ಹಿಂದಕ್ಕೆ ಒಂದು ಉಕ್ಕಿನ ದಂಡ. ಮುಂದಿನ ತುದಿಯಲ್ಲಿ ಮಣಿಕಟ್ಟಿನ ಹಾಗೆ ಬಳುಕುವ ಒಂದು ಜಾಯಿಂಟು. ಹಿಂದಿನ ತುದಿಯಲ್ಲಿ, ಚಕ್ರದ ಪಕ್ಕ, ಒಂದು ಡಬ್ಬಿ. ಡಬ್ಬಿಯೊಳಗೆ ಎರಡು ಗೇರು, ಅವನ್ನು ಹಿಡಿದು ನಿಲ್ಲಿಸುವ ಬೇರಿಂಗು, ಒಂದು ಲೋಟ ಎಣ್ಣೆ. ಎಲ್ಲ ಮುಚ್ಚಿಟ್ಟದ್ದು. ಹೊರಗಿನಿಂದ ಏನೂ ಕಾಣುವುದಿಲ್ಲ, ಅದಕ್ಕೇ ಮೊದಲು ಸದ್ದು, ಬಿಚ್ಚುವುದು ಆಮೇಲೆ. ಮೂರು ಪ್ರಶ್ನೆ ಕೇಳದೆ ಸ್ಪ್ಯಾನರ್ ಎತ್ತಬಾರದು ಅಂತ ನಮ್ಮ ಗ್ಯಾರೇಜಿನ ಗೋಡೆಯ ಮೇಲೇ ಬರೆದಿತ್ತು, ನೆನಪಿದೆಯೇ? ಬರೆದವಳು ನೀನೇ, ಗ್ರೀಸ್ ಕೈಯಲ್ಲಿ.

ಈಗ ಹೇಳು. ಸದ್ದು ನಿಂತಾಗ ಇದೆಯಾ, ಓಡುವಾಗ ಮಾತ್ರವಾ? ವೇಗ ಹೆಚ್ಚಿದರೆ ಅದೂ ಹೆಚ್ಚುತ್ತದಾ? ಆ ಡಬ್ಬಿ ಮುಟ್ಟಿದರೆ ಬಿಸಿ ಇರುತ್ತದಾ? ಎಣ್ಣೆ ಒಸರಿದೆಯಾ? ಗಾಡಿಯನ್ನು ನಡುಸ್ಟ್ಯಾಂಡಿಗೆ ಹಾಕಿ, ಇಂಜಿನ್ ಆರಿಸಿ, ಗೇರಿನಲ್ಲಿಟ್ಟು ಹಿಂದಿನ ಚಕ್ರವನ್ನು ಹಿಂದೆ ಮುಂದೆ ತಿರುಗಿಸಿದರೆ ಎಷ್ಟು ಪ್ಲೇ, ಅಂದರೆ ಸಡಿಲ, ಇದೆ? ಬೆರಳಿನಗಲವಾ, ಅಂಗೈಯಗಲವಾ?

ಕೊನೆಯದು. ನಮ್ಮ ಮನೆಯವರ ಪೈಕಿ ಅದು ಯಾರು? ಎಕ್ಸಲರೇಟರ್ ಕೊಟ್ಟಾಗ ಮಾತ್ರ ಕುಂಯ್ ಅಂತ ಅಳುವ ಪಾಪುವಾ? ಒಣಗಿದ ಜಾಯಿಂಟಿನ ಹಾಗೆ ಕಿರ್ ಕಿರ್ ಅನ್ನುವ ಅತ್ತೆಯಾ? ಅಜ್ಜಿಯಾ? ಅಜ್ಜಿಯನ್ನು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಈ ಕಾಗದದ ಮಾತು ಅತ್ತೆಗೆ ಹೇಳಬೇಡ.

ಅಪ್ಪ


ಜನವರಿ 24

ಅಪ್ಪಾ,

ಒಂದೊಂದಾಗಿ ಹೇಳುತ್ತೇನೆ. ಓಡುವಾಗ ಮಾತ್ರ. ವೇಗದ ಜೊತೆ ಹೆಚ್ಚುತ್ತದೆ. ಡಬ್ಬಿ ಬೆಚ್ಚಗಿರುತ್ತದೆ, ಕೈ ಇಡಬಹುದು. ಎಣ್ಣೆ ಒಸರಿಲ್ಲ. ಚಕ್ರ ತಿರುಗಿಸಿದರೆ ಟೈರಿನ ಅಂಚಿನಲ್ಲಿ ಒಂದು ಬೆರಳಿನಗಲ ಪ್ಲೇ, ಸ್ಕೇಲ್ ಹಿಡಿದು ನೋಡಿದೆ.

ಮನೆಯವರ ಪೈಕಿ ಅದು ಅಜ್ಜಿ. ಅನುಮಾನವೇ ಇಲ್ಲ. ಮೂರು ದಿನ ಕಿವಿಗೊಟ್ಟು ಕೇಳಿದೆ, ಪಕ್ಕಾ ಅಜ್ಜಿ. ಆ ಸದ್ದುಗಳ ಹೆಸರು ಇನ್ನೂ ನೆನಪಿದೆ ನೋಡು. ಎಣ್ಣೆ ಡಬ್ಬದ ಮೇಲೆ ಕೂತು, ಬಂದ ಗಾಡಿಗೆಲ್ಲ ಹೆಸರಿಡುತ್ತಿದ್ದೆ. ಯಾವ ಕಾಲೇಜಿನಲ್ಲೂ ಅಷ್ಟು ಕಲಿಯಲಿಲ್ಲ. ಅಷ್ಟೆಲ್ಲ ಕಲಿಸಿ, ಡಿಪ್ಲೊಮಾ ಮುಗಿಸಿಕೊಂಡು ಬಂದ ದಿನ, "ಗ್ಯಾರೇಜ್ ಮುಚ್ಚಿದೀನಿ, ಹೆಣ್ಣುಮಗಳಿಗೆ ಇದೆಲ್ಲ ಯಾಕೆ" ಅಂದೆಯಲ್ಲ. ಬೆಳಗಾಗುವಷ್ಟರಲ್ಲಿ ಶಟರಿಗೆ ಬೀಗ. ಈ ಕಾಗದದಲ್ಲಿ ಅದನ್ನು ಬರೆಯಬಾರದು ಅಂದುಕೊಂಡಿದ್ದೆ. ಪೆನ್ನು ಕೇಳಲಿಲ್ಲ. ಗಂಡುಮಗ ಆಗಿದ್ದರೆ ಬೀಗದ ಕೈ ಯಾರ ಜೇಬಿನಲ್ಲಿರುತ್ತಿತ್ತು ಅಂತ ನಾಲ್ಕು ವರ್ಷದಿಂದ ಯೋಚಿಸುತ್ತಿದ್ದೇನೆ.

ಬೇಡ ಅಂದರೂ ಕ್ಯಾಸೆಟ್ ಬೇರೆ ಪಾರ್ಸೆಲ್ಲಿನಲ್ಲಿ ಕಳಿಸಿದ್ದೇನೆ. ಎರಡು ದಿನ ತಡವಾಗಿ ಬರಬಹುದು. ಹೋಗಲೋ ಬೇಡವೋ, ಬೇಗ ಬರೆ. ಆರನೇ ತಾರೀಖಿಗೆ ಹೆಚ್ಚು ದಿನ ಇಲ್ಲ. ನೀನು ಹೇಳಿದ ಹಾಗೆ ಕೇಳುತ್ತೇನೆ.

ನಟ್ಟು


ಫೆಬ್ರವರಿ 1

ನಟ್ಟು,

ಅಜ್ಜಿ ಸದ್ದಾದರೆ ಹೆದರಬೇಡ. ಶಾಫ್ಟ್ ಗಾಡಿಗೆ ಒಂದು ಬೆರಳು ಪ್ಲೇ ಇದ್ದದ್ದೇ. ಡಬ್ಬಿಗೆ ಹೊಸ ಎಣ್ಣೆ ಹಾಕುವುದನ್ನು ಬಂದ ಮೇಲೆ ಮಾಡಿದರೂ ಆಯಿತು. ಹೋಗಿ ಬಾ.

ಗ್ಯಾರೇಜಿನ ವಿಷಯ ಮುಗಿದದ್ದು. ಅದನ್ನು ಮತ್ತೆ ಕೆದಕಬೇಡ.

ಅಪ್ಪ


ಫೆಬ್ರವರಿ 4

ನನ್ನ ಚಿನ್ನ,

ಇದು ನಿನ್ನ ಅತ್ತೆ ಬರೀತಿರೋದು. ಅವಸರದಲ್ಲಿ ಗೀಚ್ತಿದೀನಿ, ಅಕ್ಷರ ನೋಡಿ ನಗಬೇಡ. ಆ ಗಾಡಿ ಹತ್ತಬೇಡ ಕಣೇ. ಮೊದಲು ಇದನ್ನ ಓದು, ಉಳಿದಿದ್ದು ಆಮೇಲೆ. ಆ ಗಾಡಿ ಹತ್ತಬೇಡ.

ಇವತ್ತು ಬೆಳಿಗ್ಗೆ ನಿನ್ನ ಕ್ಯಾಸೆಟ್ಟು ಬಂತು. ನಿಮ್ಮಪ್ಪ ಅದನ್ನ ಬೀರು ಒಳಗೆ ಇಡೋಕೆ ಹೋದ. ನಾನು ಕಿತ್ಕೊಂಡು ಟೇಪಿಗೆ ಹಾಕಿದೆ. ಗೊರ್ ಗೊರ್ ಅಂತ ಶುರುವಾಯ್ತು ನೋಡು, ನಂಗೆ ಕಣ್ಣಲ್ಲಿ ನೀರು ಬಂತು. "ಅಯ್ಯೋ, ಇದು ನಮ್ಮಮ್ಮನ ಗೊರಕೆ ಕಣೋ, ಥೇಟ್ ಅಮ್ಮನೇ" ಅಂದೆ. ಅವನು ನನ್ನ ಬಾಯಿನೇ ನೋಡ್ತಾ, "ಗೊರಕೆನಾ? ಮಂಡಿ ಅಲ್ವಾ?" ಅಂದ. ಎರಡು ಸಲ ಕೇಳಿದ. ಆಮೇಲೆ ನಿನ್ನ ಕಾಗದ ಎಲ್ಲಾ ತೆಗೆದು ಹರಡಿಕೊಂಡ.

ಅವನ ಲೆಕ್ಕದಲ್ಲಿ ಅಜ್ಜಿ ಅಂದ್ರೆ ಅಜ್ಜಿ ಮಂಡಿಯಂತೆ. ಎದ್ರೆ ಕಟಕ್, ಕೂತ್ರೆ ಕಟಕ್. ಎಕ್ಸಲರೇಟರ್ ಕೊಟ್ಟಾಗ ಒಂದು ಸಲ, ಬಿಟ್ಟಾಗ ಒಂದು ಸಲ. ಅದು ಏನೂ ಮಾಡಲ್ವಂತೆ. ಆದ್ರೆ ನೀನು ಹುಟ್ಟೋ ಹೊತ್ತಿಗೇ ಅಮ್ಮ ಹಾಸಿಗೆ ಹಿಡಿದಿದ್ಲು, ನಿನಗೆ ನಾಲ್ಕಾದಾಗ ಹೋದ್ಲು. ಅವಳು ಎದ್ದು ಕೂತಿದ್ದು ನೀನು ಯಾವಾಗ ನೋಡಿದ್ದೆ? ಅವಳ ಪಕ್ಕ ಮಲಗ್ತಿದ್ದವಳು, ನಿಂಗೆ ಗೊತ್ತಿದ್ದಿದ್ದು ಗೊರಕೆ ಒಂದೇ. ಒಂದೇ ಮನೆಯವರು, ಒಂದೇ ಮಾತು, ಅರ್ಥ ಮಾತ್ರ ಎರಡು. ಗೊರಕೆ ಥರ ಸದ್ದು ಬಂದ್ರೆ ಬೇರಿಂಗು ಹೋಗ್ತಾ ಇದೆ ಅಂತ ಅರ್ಥವಂತೆ, ಪೂರ್ತಿ ಹೋದ್ರೆ ಚಕ್ರ ಅಲ್ಲೇ ಕಚ್ಚಿ ನಿಲ್ಲುತ್ತಂತೆ.

ಇನ್ನೊಂದು ಹೇಳ್ಬೇಕು. ಹೇಳಬೇಡ ಅಂತ ಅವನು ನನ್ನಿಂದ ಆಣೆ ಹಾಕಿಸ್ಕೊಂಡಿದ್ದ, ಹಾಳಾಗಲಿ ಆಣೆ. ನಿಮ್ಮಪ್ಪನಿಗೆ ಕಿವಿ ಕೇಳಲ್ಲ. ಐದು ವರ್ಷದ ಮೇಲಾಯ್ತು. ಲೈನ್ ಸರಿ ಇಲ್ಲ ಅನ್ನೋದೆಲ್ಲ ಬರೀ ನೆಪ. ನನ್ನ ತುಟಿ ನೋಡ್ಕೊಂಡು ಸಂಸಾರ ನಡೀತಿದೆ.

ನಿಮ್ಮಾಫೀಸಿಗೆ ಫೋನ್ ಮಾಡಿದ್ದೆ. ಯಾರೋ ವಾಚ್‌ಮನ್ ಎತ್ತಿಕೊಂಡ. ಶಾಫ್ಟ್ ಸರಿ ಇಲ್ಲ, ಹೊರಡಬೇಡ ಅಂತ ಹೇಳಪ್ಪಾ ಅಂದ್ರೆ "ಯಾವ ಶಾಪು" ಅಂತಾನೆ. ಅಷ್ಟರಲ್ಲಿ ಲೈನ್ ನಿಜವಾಗ್ಲೂ ಹೋಯ್ತು. ಈ ಕಾಗದ ಮುಟ್ಟೋಕೆ ನಾಲ್ಕು ದಿನ ಬೇಕು, ನೀನು ಹೊರಡೋಕೆ ಎರಡೇ ದಿನ ಇರೋದು. ಗೊತ್ತಿದ್ದೂ ಬರೀತಿದೀನಿ. ಸುಮ್ನೆ ಕೂತಿರೋಕೆ ಆಗ್ತಿಲ್ಲ.

ನಾನು ಕಿರ್ ಕಿರ್ ಅಂತೀನಂತೆ. ಟಪಾಲಿಗೆ ಹಾಕೋಳು ನಾನೇ, ನಿಮ್ಮಿಬ್ಬರ ಕಾಗದ ಎಲ್ಲಾ ಓದಿದೀನಿ. ನೀನು ನೆಟ್ಟಗೆ ಮನೆಗೆ ಬಾ, ಆ ಜಗಳ ಆಮೇಲೆ ಆಡೋಣ.

ನಿನ್ನ ಅತ್ತೆ


ಫೆಬ್ರವರಿ 9

ನಟ್ಟು,

ನಿನ್ನಿಂದ ಸುದ್ದಿ ಇಲ್ಲ. ನಿನ್ನ ಅತ್ತೆ, ನಮ್ಮಕ್ಕ, ದಿನಕ್ಕೆ ಮೂರು ಸಲ ಅಂಗಡಿಗೆ ಹೋಗಿ ಫೋನ್ ಮಾಡುತ್ತಾಳೆ, ನಾನು ಪಕ್ಕದಲ್ಲಿ ನಿಂತು ಅವಳ ಮುಖ ನೋಡುತ್ತೇನೆ. ಲೈನ್ ಸಿಕ್ಕಿದ್ದು ನಿನ್ನೆ ಒಂದೇ ಸಲ. ನೀನು ಆರಕ್ಕೇ ಹೊರಟೆಯಂತೆ, ಇನ್ನೂ ವಾಪಸ್ಸು ಬಂದಿಲ್ಲವಂತೆ. ಅಷ್ಟೇ. ಮೂರು ದಿನದಿಂದ ಮನೆಯಲ್ಲಿ ಒಲೆ ಹಚ್ಚಿಲ್ಲ.

ಇದು ನಿನ್ನ ಕೈ ಸೇರುತ್ತದೋ ಇಲ್ಲವೋ ಗೊತ್ತಿಲ್ಲ, ಆದರೂ ಬರೆಯಬೇಕು. ನಿನಗೆ ಲೆಕ್ಕ ಹೇಳಿಕೊಟ್ಟ ಮೇಷ್ಟ್ರು ನೆನಪಿದ್ದಾರಲ್ಲ. ಐದು ವರ್ಷದ ಹಿಂದೆ ಅವರ ಗಾಡಿ ತಂದರು. ಹಿಂದುಗಡೆ ಏನೋ ಗೊರಗುಟ್ಟುತ್ತದೆ ಅಂದರು. ನಾನೇ ಓಡಿಸಿ ನೋಡಿದೆ. ನನಗೆ ಏನೂ ಕೇಳಲಿಲ್ಲ. "ಏನೂ ಇಲ್ಲ ಮೇಷ್ಟ್ರೇ, ಹೋಗಿ ಬನ್ನಿ" ಅಂದೆ. ಮೂರನೇ ದಿನ ಚಕ್ರ ಜಾಮ್ ಆಗಿ ಬಿದ್ದರು. ಮಂಡಿ ಪುಡಿಯಾಯಿತು. ಆಸ್ಪತ್ರೆಗೆ ಹೋದರೆ ನನ್ನ ಕೈ ಹಿಡಿದುಕೊಂಡು, "ನೀವೇ ಏನೂ ಇಲ್ಲ ಅಂದ ಮೇಲೆ ನನ್ನ ಕಿವಿಗೇ ಭ್ರಮೆ ಅಂದುಕೊಂಡೆ" ಅಂದರು. ಒಂದು ದಿನವೂ ನನ್ನನ್ನು ದೂರಲಿಲ್ಲ. ದೂರಿದ್ದರೆ ವಾಸಿಯಿತ್ತು. ಈಗಲೂ ಕೋಲು ಹಿಡಿದು ನಡೆಯುತ್ತಾರೆ, ಅವರು ಬರುವ ರಸ್ತೆ ಬಿಟ್ಟು ನಾನು ಇನ್ನೊಂದು ರಸ್ತೆಯಲ್ಲಿ ಹೋಗುತ್ತೇನೆ.

ಅಲ್ಲಿಂದಾಚೆ ಬಂದ ಗಾಡಿಗಳನ್ನೆಲ್ಲ ಏನೋ ನೆಪ ಹೇಳಿ ವಾಪಸ್ಸು ಕಳಿಸುತ್ತಿದ್ದೆ. ಅಷ್ಟರಲ್ಲಿ ನೀನು ಡಿಪ್ಲೊಮಾ ಮುಗಿಸಿ ಬಂದೆ. ಗ್ಯಾರೇಜ್ ಕೊಟ್ಟರೆ ನೀನು ನನ್ನ ಪಕ್ಕ ನಿಲ್ಲುತ್ತೀಯ, ಎರಡೇ ದಿನದಲ್ಲಿ ನನ್ನ ಕಿವಿಯ ಗುಟ್ಟು ನಿನಗೆ ಗೊತ್ತಾಗುತ್ತದೆ. ಕಿವುಡ ಅನ್ನಿಸಿಕೊಳ್ಳುವುದಕ್ಕಿಂತ ಕೆಟ್ಟ ಅಪ್ಪ ಅನ್ನಿಸಿಕೊಳ್ಳುವುದು ಸುಲಭ ಅನ್ನಿಸಿತು. ಹೆಣ್ಣುಮಗಳಿಗೆ ಯಾಕೆ ಅಂದದ್ದು ಶುದ್ಧ ಸುಳ್ಳು. ನಿನ್ನಷ್ಟು ಒಳ್ಳೆಯ ಕಿವಿ ನಾನು ಯಾರಲ್ಲೂ ನೋಡಿಲ್ಲ.

ಅಜ್ಜಿ ಸದ್ದಿನ ಗಾಡಿಯನ್ನು ನಾನು ಒಳಗೆ ತರಿಸುತ್ತಲೇ ಇರಲಿಲ್ಲ, ರಿಪೇರಿ ಬೇಕಿಲ್ಲ ಅಂತ ಬಾಗಿಲಿಂದಲೇ ಕಳಿಸುತ್ತಿದ್ದೆ. ಮಂಡಿ ಎಂದು ನಿನಗೆ ತಿಳಿಯುವುದಾದರೂ ಎಲ್ಲಿಂದ? ಇನ್ನು ಗೊರಕೆಯಂಥ ಸದ್ದಿಗೆ ನಾನು ಹೆಸರೇ ಇಟ್ಟಿರಲಿಲ್ಲ. ಪ್ರಾಣಕ್ಕೆ ಬರುವುದನ್ನು ತಮಾಷೆ ಮಾಡಬಾರದು ಅಂತ. ಹೆಸರಿಲ್ಲದ್ದಕ್ಕೆ ನೀನು ಅಜ್ಜಿ ಅಂದೆ. ಕ್ಲಚ್ ಹಿಡಿದರೂ ಸದ್ದು ಉಳಿಯುತ್ತದಾ ಅಂತ ನಾನು ಒಂದು ಮಾತು ಕೇಳಿದ್ದರೆ ಬೇರಿಂಗು ಅಂತ ಅಲ್ಲೇ ಗೊತ್ತಾಗುತ್ತಿತ್ತು. ಬೀಗದ ಕೈ ಅಂತ ಬರೆದಿದ್ದೆಯಲ್ಲ, ಚುರುಕ್ ಅಂತು. ಆ ಸಿಟ್ಟಿನಲ್ಲಿ ನಾಲ್ಕು ಸಾಲು ಗೀಚಿ ಹೋಗಿ ಬಾ ಅಂದೆ. ಮೇಷ್ಟ್ರಿಗೂ ಅದೇ ಮಾತು ಹೇಳಿದ್ದೆ.

ಎಲ್ಲಿದ್ದೀಯ ಮಗಳೇ? ಒಂದು ಸಾಲು ಬರೆ. ಬೈದಾದರೂ ಬರೆ.

ಅಪ್ಪ


ಫೆಬ್ರವರಿ 13

ಅಪ್ಪಾ, ಅತ್ತೆ,

ನಾನು ನೆಟ್ಟಗಿದ್ದೇನೆ. ಕೈಕಾಲು ಎಲ್ಲ ಜಾಗದಲ್ಲೇ ಇವೆ. ನಿನ್ನೆ ಸಂಜೆ ವಾಪಸ್ಸು ಬಂದೆ. ಮೇಜಿನ ಮೇಲೆ ಅತ್ತೆಯ ಕಾಗದ, ಜೊತೆಗೆ ವಾಚ್‌ಮನ್ ಚೀಟಿ: "ನಿಮ್ಮ ಅತ್ತೆ ಫೋನ್ ಮಾಡಿದ್ದರು. ಶಾಪ್ ಸರಿ ಇಲ್ಲವಂತೆ." ಅಪ್ಪನ ಕಾಗದ ಇವತ್ತು ಬಂತು. ಬಾಗಿಲು ಹಾಕಿಕೊಂಡು ತುಂಬಾ ಹೊತ್ತು ಅಳುತ್ತಾ ಕೂತಿದ್ದೆ.

ಅಪ್ಪಾ, ಆರನೇ ತಾರೀಖು ಹೊರಟೆ. "ಹೆದರಬೇಡ" ಅಂತ ನೀನು ಬರೆದ ಕಾಗದ ಜೇಬಿನಲ್ಲಿತ್ತು. ಬೆಟ್ಟ ಹತ್ತುವಷ್ಟು ಹೊತ್ತೂ ಸದ್ದು ಬೆನ್ನ ಹಿಂದೆಯೇ ಇತ್ತು. ನೆತ್ತಿಯ ಮೇಲಿನ ಆಸ್ಪತ್ರೆಯಲ್ಲಿ ಕೆಲಸ ಮುಗಿಸಿ ಮಾರನೇ ದಿನ ಇಳಿಜಾರಿಗೆ ಹೊರಟವಳು ಆಸ್ಪತ್ರೆಯ ಗೇಟಿನಲ್ಲೇ ಗಾಡಿ ನಿಲ್ಲಿಸಿದೆ. ಧೈರ್ಯಕ್ಕೆ ಅಂತ ಆ ಕಾಗದ ತೆಗೆದು ಇನ್ನೊಂದು ಸಲ ಓದಿದೆ. ಅದರಲ್ಲಿ ಒಂದೂ ಪ್ರಶ್ನೆ ಇರಲಿಲ್ಲ. ಮೊದಲ ಕಾಗದದ ತುಂಬ ಪ್ರಶ್ನೆ, ಇದರಲ್ಲಿ ಒಂದೂ ಇಲ್ಲ. ಏನೂ ಕೇಳದೆ ನೀನು ಒಂದು ಗಾಡಿಯನ್ನು ಸರಿ ಇದೆ ಅಂದದ್ದು ನಾನು ಹುಟ್ಟಿದ ಮೇಲೆ ನೋಡಿಲ್ಲ. ಹೆದರಬೇಡ ಅನ್ನುವ ಮಾತೇ ನಿನ್ನದಲ್ಲ. ನಿನ್ನ ಮಾತು "ಇನ್ನೊಂದ್ಸಲ ನೋಡು". ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಅಪ್ಪನಿಗೆ ಏನೋ ಆಗಿದೆ ಅನ್ನಿಸಿತು, ಗಾಡಿಗಿಂತ ಮೊದಲು.

ಗಾಡಿಯಿಂದ ಇಳಿದೆ. ನಡುಸ್ಟ್ಯಾಂಡಿಗೆ ಹಾಕಿದೆ. ನೀನು ಕೇಳದೆ ಬಿಟ್ಟದ್ದನ್ನು ನಾನೇ ಕೇಳಿಕೊಂಡೆ. ನ್ಯೂಟ್ರಲ್ಲಿನಲ್ಲಿ ಕೈಯಿಂದ ಚಕ್ರ ತಿರುಗಿಸಿದರೂ ಗೊರ್ ಗೊರ್ ಇತ್ತು, ಅಂದರೆ ಇಂಜಿನ್ನಿಗೆ ಸಂಬಂಧವಿಲ್ಲ. ಚಕ್ರದ ನೆತ್ತಿ ಒಂದು ಕೈಯಲ್ಲಿ, ಬುಡ ಇನ್ನೊಂದು ಕೈಯಲ್ಲಿ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿದೆ. ಅದು ಅಲ್ಲಾಡಬಾರದು. ಗೋಧಿಕಾಳಿನಷ್ಟು ಅಲ್ಲಾಡಿತು. ಆಸ್ಪತ್ರೆಯಿಂದ ಒಂದು ಎನಾಮಲ್ ಟ್ರೇ ಕಡ ತಂದು ಡಬ್ಬಿಯ ಎಣ್ಣೆ ಇಳಿಸಿ, ಗಾಯಕ್ಕೆ ಕಟ್ಟುವ ಬಟ್ಟೆಯಲ್ಲಿ ಸೋಸಿದೆ. ಬಟ್ಟೆಯ ಮೇಲೆ ಬೆಳ್ಳಿಪುಡಿ, ಅದರ ನಡುವೆ ಉಗುರಿನಷ್ಟು ಹಿತ್ತಾಳೆ ಚೂರು. ಬೇರಿಂಗಿನೊಳಗೆ ಗುಂಡುಗಳನ್ನು ಹಿಡಿದಿಡುವ ಗೂಡು ಒಡೆದಿದೆ. ನರ್ಸಮ್ಮ ಬಗ್ಗಿ ನೋಡಿ, "ಇದು ಉಳಿಯೋ ಕೇಸಾ?" ಅಂದರು. ಗಾಡಿ ಉಳಿಯುತ್ತದೆ, ನಾನು ಹೇಗೆ ಉಳಿದೆ ಎಂದು ಗೊತ್ತಾಗುತ್ತಿಲ್ಲ ಅಂದೆ. ಗಾಡಿಗೆ ಹಗ್ಗ ಕಟ್ಟಿ ತರುವುದಕ್ಕೆ ಒಂದು ಲಾರಿ ಸಿಗಲು ಐದು ದಿನ ಬೇಕಾಯಿತು. ಅಲ್ಲಿ ಫೋನಿಲ್ಲ.

ಅಪ್ಪಾ, ನಿನ್ನ ಮೇಲೆ ಸಿಟ್ಟಿದೆ. ಸುಳ್ಳು ಹೇಳಿದ್ದಕ್ಕೆ, ನಾಲ್ಕು ವರ್ಷ ತಿಂದಿದ್ದಕ್ಕೆ. ಕಿವಿ ಪರೀಕ್ಷೆ ಮಾಡುವ ಮಷೀನನ್ನು ವರ್ಷಕ್ಕೆ ಎರಡು ಸಲ ಬಿಚ್ಚಿ ಜೋಡಿಸುವವಳು ನಾನು, ಸ್ವಂತ ಅಪ್ಪ ಪ್ರತಿ ಸಲ ಫೋನನ್ನು ಅತ್ತೆಗೆ ಕೊಟ್ಟರೂ ಹೊಳೆಯಲಿಲ್ಲ. ಆ ಸಿಟ್ಟು ನನ್ನ ಮೇಲೆ. ಒಂದು ಮಾಡಿ ನೋಡು. ಸ್ಕ್ರೂಡ್ರೈವರಿನ ಹಿಡಿಯನ್ನು ಹಲ್ಲಲ್ಲಿ ಕಚ್ಚಿಕೊಂಡು, ತುದಿಯನ್ನು ಅತ್ತೆಯ ಹೊಲಿಗೆ ಮಷೀನಿಗೆ ಇಡು. ಕೆಲವರಿಗೆ ಕಿವಿ ಹೋದರೂ ಎಲುಬಿನಲ್ಲಿ ಕೇಳುತ್ತದೆ. ನಿನಗೆ ಕೇಳದೆಯೂ ಇರಬಹುದು. ಕೇಳದಿದ್ದರೆ ಬೇಜಾರು ಮಾಡಿಕೊಳ್ಳಬೇಡ.

ಮೇಷ್ಟ್ರನ್ನು ನಾವಿಬ್ಬರೂ ಹೋಗಿ ನೋಡೋಣ. ಒಬ್ಬನೇ ಹೋಗಬೇಡ.

ಈ ಡಬ್ಬಿ ಬಿಚ್ಚಬೇಕು. ಇಲ್ಲಿ ಯಾರಿಗೂ ಬರುವುದಿಲ್ಲ. ಗಾಡಿಯನ್ನು ಎಲ್ಲಿಗೆ ತರಲಿ?

ನಟ್ಟು


ಫೆಬ್ರವರಿ 18

ನಟ್ಟು,

ನಿನ್ನ ಕಾಗದ ಅಕ್ಕ ಓದಿ ಹೇಳಿದಳು. ಅಕ್ಷರ ನನಗೆ ಕಾಣುತ್ತದೆ, ಆದರೂ ಅವಳ ತುಟಿಯಲ್ಲಿ ಇನ್ನೊಂದು ಸಲ ನೋಡಬೇಕಿತ್ತು. ಆಮೇಲೆ ಇಬ್ಬರೂ ಊಟ ಮಾಡಿದೆವು.

ಸ್ಕ್ರೂಡ್ರೈವರ್ ಕಚ್ಚಿ ನೋಡಿದೆ. ಅಕ್ಕ ಮಷೀನು ತುಳಿದಳು. ಏನೂ ಕೇಳಲಿಲ್ಲ. ಹಲ್ಲು ಮಾತ್ರ ನಡುಗಿತು. ಆದರೆ ನಡುಕ ಒಂದೇ ಸಮನೆ ಇರಲಿಲ್ಲ, ನಡುವೆ ಒಂದು ಕಡೆ ತಡೆಯುತ್ತಿತ್ತು. ಬಿಚ್ಚಿ ನೋಡಿದರೆ ಒಳಗೆ ದಾರ ಸಿಕ್ಕಿಕೊಂಡಿತ್ತು. ಹಾಗಾಗಿ ಪೂರ್ತಿ ದಂಡವೂ ಅಲ್ಲ.

ಬೇರಿಂಗನ್ನು ಬಿಸಿ ಮಾಡಿ ಕೂರಿಸಬೇಕು, ಸುತ್ತಿಗೆಯಲ್ಲಿ ಬಡಿಯುವ ಹಾಗಿಲ್ಲ. ಶಾಫ್ಟಿನ ಹಲ್ಲುಗಳ ಮೇಲೆ ತುಕ್ಕಿನ ಪುಡಿ ಇದೆಯಾ? ಮುಂದಿನ ಜಾಯಿಂಟಿನ ರಬ್ಬರು ಸೀಳಿದೆಯಾ? ಆ ಎಣ್ಣೆ ಚೆಲ್ಲಿದೆಯಾ, ಇಟ್ಟಿದ್ದೀಯಾ? ಹಿತ್ತಾಳೆ ಚೂರು ಒಂದೇನಾ? ಇನ್ನೊಂದ್ಸಲ ನೋಡು.

ಗಾಡಿ ಎಲ್ಲಿಗೆ ತರಲಿ ಅಂತ ಕೇಳಿದ್ದೀಯ. ನಿನ್ನೆ ಶಟರಿನ ಬೀಗ ತೆಗೆದೆ. ಎಳೆಯುವಾಗ ಯಾವುದೋ ಹೊಸ ಸದ್ದು ಬರುತ್ತದಂತೆ, ಅಕ್ಕ ಹೇಳಿದಳು. ಏನು ಸದ್ದು ಅಂದರೆ ಅವಳಿಗೆ ಹೇಳಲು ಬರುವುದಿಲ್ಲ. ನನಗೆ ಕೇಳುವುದಿಲ್ಲ. ನೀನು ಬಂದು ಹೆಸರಿಡು.

ಅಪ್ಪ